ಬೆಳೆದ ನಾಯಿ ಗಂಬೂಟು, ಪೈಪು, ಗೂಡಿನ ಬಾಗಿಲು ಕಡಿದು ಹಾಕುತ್ತಿದ್ದರೆ

ಗೌಡ್ರೇ, ನಿಮ್ಮ ಪ್ರಶ್ನೆ, ಅದಕ್ಕೆ ಬಂದ ಸಲಹೆ ಎರಡೂ ಓದಿದೆ. ಸಕಲೇಶಪುರದ ಕಡೆ ತೋಟದ ಮನೆ, ನಾಲ್ಕು ವರ್ಷದ ಗಂಡು ಲ್ಯಾಬ್ (ಲ್ಯಾಬ್ರಡಾರ್), ಇಷ್ಟು ದಿನ ಏನೂ ಹಾಳು ಮಾಡದ ನಾಯಿ ಮಳೆ ಹಿಡಿದ ಮೇಲೆ ಗಂಬೂಟು, ಸ್ಪ್ರೇಯರ್ ಪೈಪು, ರಾತ್ರಿ ಕೂಡುವ ಗೂಡಿನ ಬಾಗಿಲು ಮೂರನ್ನೂ ಕಡಿದು ಹಾಕಿದೆ ಅಂತ ನೀವು ಬರೆದಿದ್ದೀರಿ. ಖಾರದ ಪುಡಿ ಹಚ್ಚಿ, ಚಪ್ಪಲಿ ತಗೊಂಡು ಎರಡು ಬಾರಿಸಿ, ಚೈನ್ ಹಾಕಿ ಕಟ್ಟಿಬಿಡಿ ಅಂತ ಉಳಿದವರು ಹೇಳಿದ್ದಾರೆ. ಹೇಳಿದವರ ಮೇಲೆ ಬೇಜಾರಿಲ್ಲ, ಆದರೆ ಆ ಮೂರೂ ಬೇಡ. ಯಾಕೆ ಬೇಡ ಅಂತ ಮುಂದೆ ಬರೆದಿದ್ದೇನೆ.

ಮೊದಲು ಒಂದು ವಿಷಯ. ಕಡಿದಿದ್ದು ಒಂದೇ ನಾಯಿಯಾದರೂ ಕಾರಣ ಒಂದೇ ಇರಬೇಕು ಅಂತಿಲ್ಲ. ಮರಿಗಳು ಹಲ್ಲು ಬರುವಾಗ ಕಡಿಯುತ್ತವೆ, ಆರೇಳು ತಿಂಗಳಿಗೆ ಆ ಕಾಟ ಮುಗಿಯುತ್ತದೆ. ಬೆಳೆದ ನಾಯಿ ಹೊಸದಾಗಿ ಶುರು ಮಾಡಿದರೆ ಬೇಜಾರು, ಭಯ, ಹಸಿವು, ನೋವು ಇವುಗಳಲ್ಲಿ ಒಂದು ಇರುತ್ತದೆ, ಕೆಲವೊಮ್ಮೆ ಎರಡು ಮೂರು ಸೇರಿರುತ್ತವೆ. ಅದಕ್ಕೇ ನಾಲ್ಕೈದು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಏನು ಕಡಿಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಆಗ ಮನೆಯಲ್ಲಿ ಯಾರಿದ್ದರು. ಅರ್ಧ ಉತ್ತರ ಆ ಚೀಟಿಯಲ್ಲೇ ಸಿಗುತ್ತದೆ.

ಅದಕ್ಕೂ ಮುಂಚೆ ಬಾಯಿ ನೋಡಿ. ಬೆಳೆದ ನಾಯಿಗೆ 42 ಹಲ್ಲು. ತುಟಿಯನ್ನು ಪಕ್ಕದಿಂದ ಮೆಲ್ಲಗೆ ಮೇಲೆತ್ತಿ ಮೇಲ್ದವಡೆಯ ಅತಿ ದೊಡ್ಡ ಹಲ್ಲು ನೋಡಿ, ಎರಡೂ ಕಡೆ. ಗಟ್ಟಿ ಮೂಳೆ, ಕಲ್ಲು ಕಡಿಯುವ ನಾಯಿಗಳಲ್ಲಿ ಈ ಹಲ್ಲಿನ ಹೊರಮೈ ಚಕ್ಕೆಯಾಗಿ ಸೀಳಿ ಹೋಗಿರುತ್ತದೆ. ಸೀಳಿದ ಜಾಗದಲ್ಲಿ ಗುಲಾಬಿ ಅಥವಾ ಕಪ್ಪು ಚುಕ್ಕೆ ಕಂಡರೆ, ಒಂದೇ ಕಡೆ ಅಗಿಯುತ್ತಿದ್ದರೆ, ಬಾಯಿ ಗಬ್ಬು ವಾಸನೆ ಬರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಅಭ್ಯಾಸ ತಿದ್ದುವುದು ಆಮೇಲೆ. ಒಸಡು ಬಿಳಿಚಿಕೊಂಡಿದೆಯಾ ಅಂತಲೂ ನೋಡಿ. ಮಣ್ಣು, ಗೋಡೆಯ ಗಾರೆ, ಗೋಣಿಚೀಲ ಸಿಕ್ಕಿದ್ದೆಲ್ಲ ನುಂಗುವ ನಾಯಿಗೆ ಜಂತುಹುಳುವೋ, ಉಣ್ಣೆಹುಳು ಕಚ್ಚಿ ಬರುವ ಜ್ವರದಿಂದ ರಕ್ತ ಕಡಿಮೆಯಾಗಿರುವುದೋ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ನಿಮಗೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವೇನಲ್ಲ. ಕಡಿದು ಉಗುಳುವುದು ಬೇರೆ, ಕಡಿದು ನುಂಗುವುದು ಬೇರೆ. ಗಂಬೂಟಿನ ತುಂಡುಗಳನ್ನೆಲ್ಲ ಜೋಡಿಸಿ ನೋಡಿ, ಪೂರ್ತಿ ಸಿಗುತ್ತದಾ?

ಸಿಗದೆ ಇದ್ದರೆ ಎರಡು ಮೂರು ದಿನ ಕಣ್ಣಿಟ್ಟಿರಿ. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಕಕ್ಕ ಮಾಡದಿರುವುದು, ಬೆನ್ನು ಬಾಗಿಸಿ ನಿಲ್ಲುವುದು, ಇದರಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ವಿಷವಾಗುತ್ತದೆ. ಹಿಂದಿನಿಂದ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಒಳಗೆ ಕರುಳು ಕತ್ತರಿಸುತ್ತದೆ.

ಈಗ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ ಭಾಗ. ಮಳೆಗಾಲದಲ್ಲಿ ನಮ್ಮ ಕಡೆ ಜಿಗಣೆಗೆ ಅಂತ ಗಂಬೂಟು, ಕಾಲುಚೀಲಕ್ಕೆ ಹೊಗೆಸೊಪ್ಪು, ಸುಣ್ಣ, ಉಪ್ಪು ಹಚ್ಚುತ್ತೇವಲ್ಲ, ನಾಯಿಯನ್ನು ಬೂಟಿನ ಹತ್ತಿರ ಎಳೆಯುವುದರಲ್ಲಿ ಬೆವರಿನ ವಾಸನೆ ಜೊತೆ ಆ ಉಪ್ಪಿನ ಪಾಲೂ ಇರಬಹುದು. ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ, ಸುಣ್ಣ ಬಾಯಿ ಸುಡುತ್ತದೆ. ಸ್ಪ್ರೇಯರ್ ಪೈಪಿನ ಒಳಗೆ ಕೀಟನಾಶಕದ ಪಸೆ ಉಳಿದಿರುತ್ತದೆ. ಮೈಲುತುತ್ತದ ಚೀಲ, ಇಲಿ ಪಾಷಾಣ, ಬಸವನಹುಳಕ್ಕೆ ಇಡುವ ಔಷಧಿ, ಕಣದಲ್ಲಿ ಬಿದ್ದ ಕಾಫಿ ಬೀಜ, ಇವೂ ಅದೇ ಸಾಲಿನವು. ಜೊಲ್ಲು ಸುರಿಸಿ ನಡುಗಲು ಶುರು ಮಾಡಿದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಔಷಧಿಯ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಹೊರಡಿ. ಇದೆಲ್ಲ ಇವತ್ತೇ ಬೀಗ ಹಾಕುವ ಕೋಣೆಗೆ ಹೋಗಬೇಕು. ಗಂಬೂಟು ನಾಲ್ಕೈದು ಅಡಿ ಎತ್ತರದ ಹಲಗೆ ಮೇಲೆ ಇಡಿ, ಒದ್ದೆ ಕಾಲುಚೀಲ ಜಗಲಿ ಮೇಲೆ ಬೇಡ.

ಎತ್ತಿಡುವುದು ಅಂದರೆ ನಾಯಿಗೆ ಸೋತ ಹಾಗಲ್ಲವಾ ಅಂತ ಒಬ್ಬರು ಕೇಳಿದ್ದಾರೆ. ಅಲ್ಲ. ಒಂದೊಂದು ಸಲ ಕಡಿದಾಗಲೂ ಅದಕ್ಕೆ ಒಂದು ಸುಖ ಸಿಗುತ್ತದೆ, ಅಭ್ಯಾಸ ಗಟ್ಟಿಯಾಗುತ್ತದೆ. ಮೂರು ನಾಲ್ಕು ವಾರ ಆ ಅವಕಾಶವೇ ಸಿಗದ ಹಾಗೆ ನೋಡಿಕೊಂಡರೆ ಉಳಿದ ಕೆಲಸ ಹಗುರ. ಯಾರಾದರೂ ಜೊತೆಗಿದ್ದಾಗ ಮಾತ್ರ ಮನೆಯೊಳಗೆ ಬಿಡಿ, ಆರಡಿ ಹಗ್ಗ ನಿಮ್ಮ ಕುರ್ಚಿಗೆ ಕಟ್ಟಿಕೊಂಡರೂ ಆಯಿತು. ಯಾರೂ ಇಲ್ಲದಾಗ ಒಂದು ಕೋಣೆ, ಬಾಗಿಲಿಗೆ ಅಡ್ಡ ತಡಿಕೆ. ನೆಲದ ಮೇಲೆ ಅದರ ಚಾಪೆ, ನೀರು, ಕಡಿಯಲು ಕೊಟ್ಟ ವಸ್ತು ಇಷ್ಟೇ ಇರಲಿ. ಕರೆಂಟಿನ ವೈರುಗಳನ್ನು ಪ್ಲಗ್ಗಿನಿಂದ ತೆಗೆದಿಡಿ.

ಪೈಪು ಕಡಿದಿದ್ದು ಹಗಲು ಹೊತ್ತು, ಜಗಲಿ ಮೇಲೆ, ಎಲ್ಲರೂ ಮನೆಯಲ್ಲೇ ಇದ್ದಾಗ ಅಂದಿದ್ದೀರಿ. ಅದು ಬೇಜಾರು. ಬೇಸಿಗೆಯಲ್ಲಿ ಬೆಳಗ್ಗೆಯಿಂದ ಆಳುಗಳ ಹಿಂದೆ ತೋಟ ಸುತ್ತಿದ ನಾಯಿ ಜುಲೈ ಮಳೆಯಲ್ಲಿ ಐದು ನಿಮಿಷ ಹೊರಗೆ ಹೋಗಿ ಬಂದು ಇಡೀ ದಿನ ಮಲಗಬೇಕು ಅಂದರೆ ಆಗದ ಮಾತು. ಮಳೆ ನಿಲ್ಲಲಿ ಅಂತ ಕಾಯದೆ ಮೂಗಿಗೆ ಕೆಲಸ ಕೊಡಿ. ಬಟ್ಟಲಲ್ಲಿ ಊಟ ಹಾಕುವುದನ್ನೇ ಕಡಿಮೆ ಮಾಡಿ. ಡಾಗ್ ಫುಡ್ ಕಾಳು ಕೊಡುತ್ತಿದ್ದರೆ ಒಂದು ಹಿಡಿ ತೆಗೆದು ಚೊಕ್ಕ ಗೋಣಿಚೀಲದ ಮೇಲೆ ಎರಚಿ ಚೀಲವನ್ನು ಸಡಿಲವಾಗಿ ಸುತ್ತಿಡಿ (ಗೊಬ್ಬರದ ಚೀಲ ಬೇಡ). ಬಿಡಿಸಿ ಹುಡುಕಿ ತಿನ್ನಲು ಹತ್ತು ನಿಮಿಷ ಬೇಕು, ಆಮೇಲೆ ಅದಾಗೇ ಮಲಗುತ್ತದೆ. ರಟ್ಟಿನ ಪೆಟ್ಟಿಗೆಯೂ ಆಗುತ್ತದೆ, ಪಿನ್ನು, ಟೇಪು ಕಿತ್ತು ಕೊಡಿ. ಚೂರು ಮಾಡಿ ಹರಡಿದರೆ ಬೈಯಬೇಡಿ, ಹರಿಯಲಿ ಅಂತಲೇ ಕೊಟ್ಟಿದ್ದು. ಗೋಣಿಯನ್ನೋ ರಟ್ಟನ್ನೋ ನುಂಗುವ ನಾಯಿಗೆ ಮಾತ್ರ ಇದು ಬೇಡ. ದಿನಕ್ಕೆ ಒಂದೇ ಹೊತ್ತು ಊಟವಿದ್ದರೆ ಅದನ್ನೇ ಎರಡು ಭಾಗ ಮಾಡಿ. ಬರೀ ಮುದ್ದೆ, ಅನ್ನ ತಿಂದು ಬೆಳೆಯುತ್ತಿದ್ದರೆ ಮೊಟ್ಟೆ, ಕೋಳಿ ಸೇರಿಸಿ.

ಕಡಿಯಲು ಏನು ಕೊಡಬೇಕು ಅಂತ ಕೇಳಿದ್ದೀರಿ. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆ, ಕಾಂಗ್ ಮಾದರಿಯದ್ದು, ಒಂದಲ್ಲ ಎರಡು ತಗೊಳ್ಳಿ. ಲ್ಯಾಬಿಗೆ ದೊಡ್ಡ ಅಳತೆಯೇ ಬೇಕು, ಪೂರ್ತಿ ಬಾಯೊಳಗೆ ಹೋಗಬಾರದು. ರಾಗಿ ಮುದ್ದೆಗೆ ಬೇಯಿಸಿದ ಕೋಳಿಯ ಎಳೆ, ಸಿಹಿಗುಂಬಳ, ಒಂದು ಚಮಚ ಮೊಸರು ಕಲಸಿ ಒಳಗೆ ಒತ್ತಿ ತುಂಬಿ, ಐದಾರು ಗಂಟೆ ಫ್ರೀಜರಿನಲ್ಲಿಡಿ. ಉಪ್ಪು, ಈರುಳ್ಳಿ, ಮಸಾಲೆ ಬೇಡ. ಮೊದಲ ಎರಡು ದಿನ ಫ್ರೀಜ್ ಮಾಡದೆ ಸಡಿಲವಾಗಿ ತುಂಬಿ, ಇಲ್ಲದಿದ್ದರೆ ಕೈಗೆಟುಕದು ಅಂತ ಬಿಟ್ಟುಬಿಡುತ್ತದೆ. ಮಳೆಗೆ ಕರೆಂಟು ಹೋದರೆ ಮುದ್ದೆಯನ್ನೇ ಗಟ್ಟಿ ಕಟ್ಟಿ ತುಂಬಿದರೂ ಸಾಕು, ಅಂಟಿಕೊಂಡು ಹೊತ್ತು ಹಿಡಿಯುತ್ತದೆ. ಇದೂ ಊಟದ ಲೆಕ್ಕಕ್ಕೇ ಸೇರಬೇಕು, ಇಲ್ಲವಾದರೆ ಅಕ್ಟೋಬರಿಗೆ ಲ್ಯಾಬ್ ಪೀಪಾಯಿ ಆಗಿರುತ್ತದೆ. ದಪ್ಪ ಹಸಿ ಕ್ಯಾರೆಟ್ಟೂ ಒಳ್ಳೆಯದು, ಗಬಕ್ಕನೆ ನುಂಗುವ ನಾಯಿಗಾದರೆ ನೀವು ಎದುರಿಗಿದ್ದು ಕೊಡಿ.

ಬೇಡದ್ದು ಇವು. ಬೇಯಿಸಿದ ಮೂಳೆ ಸೀಳಿ ಮುಳ್ಳಾಗುತ್ತದೆ. ಜೋಳದ ದಿಂಡು, ಮಾವಿನ ಓಟೆ ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ. ತೆಂಗಿನ ಸಿಪ್ಪೆ ಪುಕ್ಕಟೆ ಸಿಗುತ್ತದೆ ಅಂತ ತುಂಬಾ ಜನ ಕೊಡುತ್ತಾರೆ, ನಾರು ನುಂಗಿದರೆ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ. ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ಗುರುತೂ ಬೀಳದಷ್ಟು ಗಟ್ಟಿ ಇರುವುದು ಯಾವುದಾದರೂ ಹಲ್ಲು ಮುರಿಯುವಂಥದ್ದೇ. ಇನ್ನು ಹಳೇ ಗಂಬೂಟು ಕೊಟ್ಟರೆ ಸುಮ್ಮನಿರುತ್ತದೆ ಅಂದವರಿಗೆ: ಹಳೇದು ಯಾವುದು, ಸಾವಿರ ರೂಪಾಯಿಯ ಹೊಸದು ಯಾವುದು ಅಂತ ನಾಯಿಗೆ ಯಾರು ಹೇಳಿಕೊಡುತ್ತಾರೆ?

ಗೂಡಿನ ಬಾಗಿಲ ಕತೆ ಬೇರೆ. ಚಿರತೆ ಕಾಟಕ್ಕೆ ರಾತ್ರಿ ಕೂಡುವುದು ಸರಿ, ಅದನ್ನು ಬಿಡಬೇಡಿ. ಆದರೆ ಒಳಗಿನಿಂದ ಬಾಗಿಲ ಅಂಚನ್ನೇ ಹಿಡಿದು ಕಡಿಯುವ ನಾಯಿ ತಪ್ಪಿಸಿಕೊಳ್ಳಲು ನೋಡುತ್ತಿರುತ್ತದೆ, ಅದು ಆಟವಲ್ಲ. ನಿಮ್ಮ ಕಡೆ ಆನೆ ಓಡಿಸಲು ಪಟಾಕಿ ಹೊಡೆಯುತ್ತಾರೆ, ಮೇಲೆ ಗುಡುಗು. ಹಳೇ ಮೊಬೈಲೊಂದನ್ನು ಗೂಡಿನ ಮೂಲೆಯಲ್ಲಿಟ್ಟು ವಿಡಿಯೋ ಮಾಡಿ. ಸದ್ದು ಬಂದಾಗ ಮಾತ್ರ ಕಡಿಯುತ್ತದೆ ಅಂದರೆ ಭಯ. ನೀವು ಬೆನ್ನು ತಿರುಗಿಸಿದ ಮೊದಲ ಅರ್ಧ ಗಂಟೆಯಲ್ಲೇ ಬಾಗಿಲು ಕೆರೆದು, ಏದುಸಿರು ಬಿಟ್ಟು, ಜೊಲ್ಲು ಸುರಿಸಿದರೆ ಒಂಟಿತನದ ಗಾಬರಿ. ಭಯಕ್ಕಾದರೆ ಗೂಡನ್ನು ಮನೆ ಗೋಡೆಗೆ ಒತ್ತಿಸಿ, ಅಥವಾ ಆ ತಿಂಗಳುಗಳಲ್ಲಿ ಹಜಾರದಲ್ಲೇ ಮಲಗಿಸಿ. ಒಂಟಿತನಕ್ಕಾದರೆ ಹಗಲು ಹೊತ್ತು ಅಭ್ಯಾಸ ಮಾಡಿಸಿ: ಬಾಗಿಲು ಹಾಕಿ ಹತ್ತು ಸೆಕೆಂಡಿಗೆ ವಾಪಸ್, ಆಮೇಲೆ ಮೂವತ್ತು, ಒಂದು ನಿಮಿಷ, ಮತ್ತೆ ಇಪ್ಪತ್ತು ಸೆಕೆಂಡ್, ಮೂರು ನಿಮಿಷ. ಗಾಬರಿ ಶುರುವಾಗುವ ಮುಂಚೆಯೇ ವಾಪಸ್ ಬರಬೇಕು, ಅಲ್ಲೇ ಜನ ತಪ್ಪುವುದು. ಜೀಪಿನ ಕೀ ಸದ್ದಿಗೇ ಗಾಬರಿಯಾಗುತ್ತಿದ್ದರೆ ದಿನಕ್ಕೆ ಹತ್ತು ಸಲ ಕೀ ಎತ್ತಿ ಎಲ್ಲೂ ಹೋಗದೆ ಕುಳಿತುಕೊಳ್ಳಿ. ಜೋರಾಗಿದ್ದರೆ ಡಾಕ್ಟರು ಗಾಬರಿ ಇಳಿಸುವ ಮಾತ್ರೆ ಬರೆದುಕೊಡುತ್ತಾರೆ, ಅದರ ಜೊತೆಗೇ ಅಭ್ಯಾಸ ನಡೆಯಬೇಕು. ಮನುಷ್ಯರ ನಿದ್ದೆ ಮಾತ್ರೆ ಕೊಡಬೇಡಿ. ಚೈನಿನಲ್ಲಿ ಕಟ್ಟುವುದು ಬೇಡ ಅಂದಿದ್ದು ಇದಕ್ಕೇ. ಗಾಬರಿ ಹಾಗೇ ಇರುತ್ತದೆ, ಬಾಗಿಲ ಬದಲು ಚೈನನ್ನೇ ಕಡಿಯುತ್ತದೆ. ಕೋರೆಹಲ್ಲಿನ ಹಿಂಬದಿ ಸವೆದು ಒಂದು ದಿನ ಹಲ್ಲೇ ಮುರಿಯುತ್ತದೆ.

ಇನ್ನು "ಬಿಡು" ಕಲಿಸುವುದು. ನಾಯಿಗೆ ಅಷ್ಟೇನೂ ಆಸೆಯಿಲ್ಲದ ವಸ್ತುವಿನಿಂದ ಶುರು ಮಾಡಿ, ಹಳೇ ಟವೆಲ್ ತುಂಡು ಸಾಕು. ಬಾಯಲ್ಲಿ ಹಿಡಿದಾಗ ಬೇಯಿಸಿದ ಕೋಳಿ ಚೂರನ್ನು ಮೂಗಿನ ಮುಂದೆ ತನ್ನಿ. ಬಾಯಿ ತೆರೆದ ಕ್ಷಣ "ಬಿಡು" ಅನ್ನಿ, ಚೂರು ಕೊಡಿ, ಟವೆಲ್ ವಾಪಸ್ ಕೊಡಿ. ಆ ವಾಪಸ್ ಕೊಡುವುದನ್ನು ಎಲ್ಲರೂ ಮರೆಯುತ್ತಾರೆ. ಬಿಟ್ಟರೆ ಕಳೆದುಕೊಳ್ಳುತ್ತೇನೆ ಅಂತ ಗೊತ್ತಾದ ನಾಯಿ ಕಚ್ಚಿಕೊಂಡು ಓಡುತ್ತದೆ. ಒಂದು ಸಲಕ್ಕೆ ಐದಾರು ಬಾರಿ, ದಿನಕ್ಕೆ ಎರಡು ಮೂರು ಸಲ. ಮೂರು ದಿನವಾದ ಮೇಲೆ ಮೊದಲು ಮಾತು, ಒಂದು ಸೆಕೆಂಡ್ ಬಿಟ್ಟು ಚೂರು. ಆಮೇಲೆ ಸ್ವಲ್ಪ ಆಸೆಯ ವಸ್ತು. ಮೈ ಬಿಗಿದು ಗುರ್ ಅಂದರೆ ಕೈ ಹಾಕಬೇಡಿ, ಚೂರುಗಳನ್ನು ನಾಲ್ಕಡಿ ಆಚೆ ಎಸೆದು ಅದು ಅಲ್ಲಿಗೆ ಹೋದಾಗ ವಸ್ತು ತೆಗೆಯಿರಿ. ಅಂಥ ನಾಯಿಗೆ ತಿಳಿದವರ ಸಹಾಯ ಬೇಕು. ಅಟ್ಟಿಸಿಕೊಂಡು ಹೋಗಬೇಡಿ, ಲ್ಯಾಬಿಗೆ ಅದಕ್ಕಿಂತ ಒಳ್ಳೇ ಆಟವಿಲ್ಲ.

ಕಡಿಯುತ್ತಿರುವಾಗಲೇ ಕಂಡರೆ ಹೆಸರು ಕರೆದು, "ಬಿಡು" ಅಂದು, ಅದರದೇ ರಬ್ಬರ್ ಆಟಿಕೆ ಕೊಡಿ. ಅದನ್ನು ಕಚ್ಚಿದ ತಕ್ಷಣ ಭೇಷ್ ಅನ್ನಿ, ತಡವಾದರೆ ಯಾವುದಕ್ಕೆ ಹೊಗಳಿದಿರಿ ಅಂತ ಅದಕ್ಕೆ ತಿಳಿಯುವುದಿಲ್ಲ. ಕಡಿದು ಮುಗಿಸಿದ್ದನ್ನು ಆಮೇಲೆ ಕಂಡರೆ ಗುಡಿಸಿ ಸುಮ್ಮನಾಗಿ. ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ಕಾಣುತ್ತದೆ ಅಂತ ಬರೆದಿದ್ದೀರಿ. 2009ರಲ್ಲಿ ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವವರು ಇದನ್ನೇ 14 ನಾಯಿಗಳ ಮೇಲೆ ಪರೀಕ್ಷಿಸಿದರು. ಆ ಸಪ್ಪೆ ಮುಖ ಬಂದಿದ್ದು ಯಜಮಾನರು ಬೈದಾಗ, ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಅದಕ್ಕೆ ಸಂಬಂಧವೇ ಇರಲಿಲ್ಲ. ಚಪ್ಪಲಿ ಏಟಿನಿಂದ ನಾಯಿ ಕಲಿಯುವುದು ನೀವಿಲ್ಲದಾಗ ಕಡಿಯಬೇಕು ಅನ್ನುವುದನ್ನು ಮಾತ್ರ.

ಖಾರದ ಪುಡಿ ಮೂಗು, ಕಣ್ಣು ಉರಿಸುತ್ತದೆ, ಮಕ್ಕಳ ಕೈಗೂ ಅಂಟುತ್ತದೆ. ಫಿನಾಯಿಲ್, ಸೀಮೆಎಣ್ಣೆ ಹಚ್ಚಿ ಅಂದಿರುವುದಂತೂ ನೇರ ವಿಷ. ನಾಯಿಗೆಂದೇ ಮಾರುವ ಕಹಿ ಸ್ಪ್ರೇ ಇದೆ. ಹತ್ತಿಗೆ ಸ್ವಲ್ಪ ಹಾಕಿ ನೆಕ್ಕಿಸಿ ನೋಡಿ, ತಲೆ ಕೊಡವಿ ಹಿಂದೆ ಸರಿದರೆ ಮಾತ್ರ ದುಡ್ಡು ಹಾಕಿ. ದಿನಾ ಹೊಡೆಯಬೇಕು, ನಮ್ಮ ಮಳೆಗೆ ಹೊರಗಿನ ಮರದ ಮೇಲೆ ನಿಲ್ಲುವುದಿಲ್ಲ. ಕಡಿಯಲು ಬೇರೆ ಏನೂ ಕೊಡದೆ ಇದೊಂದನ್ನೇ ನಂಬಿದರೆ ನಾಯಿ ಪಕ್ಕದ ಕುರ್ಚಿ ಕಾಲಿಗೆ ಹೋಗುತ್ತದೆ.

ನಾಲ್ಕನೇ ವಾರವೂ ಏನೂ ಕಡಿಯದೆ ಕಳೆದರೆ ವಸ್ತುಗಳನ್ನು ಒಂದೊಂದಾಗಿ, ನೀವಿರುವಾಗ, ಮೊದಲು ಹತ್ತು ನಿಮಿಷ ಮಾತ್ರ ನೆಲಕ್ಕೆ ತನ್ನಿ. ಚಾಪೆ, ಕುರ್ಚಿ ಮೊದಲು. ತೊಳೆದ ಗಂಬೂಟು ಕೊನೆಗೆ. ಸ್ಪ್ರೇಯರ್ ಪೈಪು ಯಾವತ್ತೂ ಬೇಡ. ಮಧ್ಯೆ ಒಂದು ಸಲ ತಪ್ಪಿದರೆ ಮತ್ತೆ ಒಂದು ವಾರ ಎತ್ತಿಡಿ. ಗೂಡಿನ ವಿಡಿಯೋ ಆದ ಮೇಲೆ ಇಲ್ಲೇ ಹಾಕಿ, ಭಯವಾ ಒಂಟಿತನವಾ ಅಂತ ನೋಡಿ ಹೇಳೋಣ.