ಕಲ್ಲಿಗಿಂತ ಮೊದಲು ಅಳತೆ

ಕಾಸರಗೋಡು ಜಿಲ್ಲೆಯ ಕಡಲದಂಡೆಯ ಊರು ಮುಸೋಡಿಯ ಓದುಗರೊಬ್ಬರು ಕೇಳಿದ್ದಾರೆ: "ಯೂನಿವರ್ಸಿಟಿಯವರು ಬರುತ್ತಾರೆ, ಬಾಟಲಿಯಲ್ಲಿ ಕಡಲ ನೀರು ತುಂಬಿಸಿಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ತೆರೆ ನಮ್ಮ ಅಂಗಳಕ್ಕೇ ಬರುತ್ತದೆ. ಆ ದುಡ್ಡಿಗೆ ನಾಲ್ಕು ಲೋಡು ಕಲ್ಲು ಹಾಕಿಸಬಾರದೇ?"

ತೆರೆ ಬಾಗಿಲಿಗೆ ಬಂದಾಗ ಕಲ್ಲು ಬೇಕು, ಒಪ್ಪಿದೆವು. ಆದರೆ ಕಲ್ಲಿನ ಮೇಲೆ ನಿಮಗಿರುವಷ್ಟು ಭರವಸೆ ನಮಗಿಲ್ಲ. ಕಲ್ಲಿನ ತಡೆಗೋಡೆಗೆ ಬಡಿದ ತೆರೆ ಹಿಂದಿರುಗುವಾಗ ಬುಡದ ಮರಳನ್ನು ಎಳೆದೊಯ್ಯುತ್ತದೆ. ಅಡಿಯಲ್ಲಿ ನೀರು ಬಿಟ್ಟು ಮರಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲಿನ ಪದರ ಇಲ್ಲದಿದ್ದರೆ ಸಂದುಗಳಿಂದ ಮರಳು ಸೋರಿ ಗೋಡೆಯೇ ಕುಸಿಯುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಇನ್ನೂ ಜೋರು. ನಿಮ್ಮ ಮನೆ ಉಳಿದು ನೆರೆಮನೆ ಹೋದರೆ ಯಾರಿಗೆ ಸಮಾಧಾನ?

ಎಲ್ಲಿ ಕಲ್ಲು ಬೇಕು, ಎಲ್ಲಿ ಬೇಡ ಎಂದು ತಿಳಿಯಲು ದಂಡೆಯನ್ನು ಅಳೆಯಬೇಕು. ನಮ್ಮ ಪಡುಗಡಲ ಮರಳು ಮಳೆಗಾಲದಲ್ಲಿ ಆಳಕ್ಕೆ ಜಾರಿ, ಆಮೇಲೆ ಬಹುಪಾಲು ಮರಳಿ ಬರುತ್ತದೆ. ಜುಲೈಯ ಫೋಟೊ ನೋಡಿ ದಂಡೆ ಹೋಯಿತೆನ್ನುವುದೂ ಜನವರಿಯ ಫೋಟೊ ನೋಡಿ ಭಯವಿಲ್ಲವೆನ್ನುವುದೂ ತಪ್ಪೇ. ತಿಂಗಳಿಗೊಮ್ಮೆ, ಇಳಿತದ ಹೊತ್ತಿನಲ್ಲಿ, ಅದೇ ಗೆರೆಯಲ್ಲಿ, ಹಲವು ವರ್ಷ ಅಳೆದರೆ ಮಾತ್ರ ನಿಜ ಗೊತ್ತಾಗುತ್ತದೆ.

ಇದಕ್ಕೆ ದೊಡ್ಡ ಯಂತ್ರ ಬೇಡ. ಕೆ. ಒ. ಎಮೆರಿ ಎಂಬ ಕಡಲ ಭೂವಿಜ್ಞಾನಿ 1961ರಲ್ಲಿ ತಿಳಿಸಿದ ವಿಧಾನಕ್ಕೆ ಸೆಂಟಿಮೀಟರ್ ಗುರುತು ಹಾಕಿದ, ಒಂದೂವರೆ ಮೀಟರಿನ ಎರಡು ಕೋಲು, ನಡುವೆ ಒಂದು ಹಗ್ಗ ಸಾಕು. ತೆರೆ ಮುಟ್ಟದ ಕಡೆ ನೆಟ್ಟ ಕಾಂಕ್ರೀಟ್ ಕಂಬದಿಂದ ಶುರು. ದಡದ ಕೋಲು ಹಿಡಿದವರು ಕಡಲ ಕಡೆಯ ಕೋಲಿನ ತುದಿಯನ್ನು ದಿಗಂತಕ್ಕೆ ಹೊಂದಿಸಿ ನೋಡಬೇಕು. ಆ ನೋಟ ತಮ್ಮ ಕೋಲಿನ ತುದಿಗಿಂತ ಎಷ್ಟು ಕೆಳಗೆ ಹಾಯುತ್ತದೋ ಅಷ್ಟು ನೆಲ ಇಳಿದಿದೆ. ಬರೆದುಕೊಂಡು ಮುಂದಿನ ಹೆಜ್ಜೆ. ಒದ್ದೆ ಮರಳಲ್ಲಿ ಕೋಲು ಹೂತರೆ ಲೆಕ್ಕ ಕೆಡುತ್ತದೆ, ಬುಡಕ್ಕೆ ಹಲಗೆ ತುಂಡು ಬಡಿಯಿರಿ. ಮಂಜು ಮುಸುಕಿ ದಿಗಂತ ಕಾಣದ ದಿನ ಅಳೆಯಬೇಡಿ. ಕಂಬ ಕೊಚ್ಚಿಹೋದರೆ ಹಿಂದಿನ ಅಳತೆಯೆಲ್ಲ ವ್ಯರ್ಥ, ಆದ್ದರಿಂದ ಹಿಂದೆ ಇನ್ನೊಂದು ಕಂಬ ಇರಲಿ. ಕಾಸರಗೋಡು ಸರಕಾರಿ ಕಾಲೇಜಿನ ಭೂವಿಜ್ಞಾನದ ಮಕ್ಕಳೂ ಮೊಗವೀರ ಹುಡುಗರೂ ಜತೆಗೂಡಿದರೆ ಒಂದು ಬೆಳಗಿನ ಕೆಲಸ.

ಬಾಟಲಿ ನೀರನ್ನೂ ಹಗುರ ಮಾಡಬೇಡಿ. ಅಮೆರಿಕದ ಒರೆಗಾನ್ ಕರಾವಳಿಯ ನೆಟಾರ್ಟ್ಸ್ ಕೊಲ್ಲಿಯ ನೀರು ಪಂಪು ಮಾಡಿ ಸಿಂಪಿ ಸಾಕುವ ಮರಿಕೇಂದ್ರದಲ್ಲಿ 2007ರ ಸುಮಾರಿಗೆ ಸಿಂಪಿ ಮರಿಗಳು ರಾಶಿರಾಶಿ ಸತ್ತವು. ಮೊದಲು ಬ್ಯಾಕ್ಟೀರಿಯಾದ ಮೇಲೆ ಸಂಶಯ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ನೀರು ಪರೀಕ್ಷಿಸಿದಾಗ ತಿಳಿಯಿತು: ಆಳದಿಂದ ಮೇಲೆದ್ದ, ಇಂಗಾಲದ ಡೈಆಕ್ಸೈಡ್ ತುಂಬಿದ ನೀರಿನಲ್ಲಿ ಮರಿಗಳಿಗೆ ಚಿಪ್ಪು ಕಟ್ಟಲಾಗುತ್ತಿರಲಿಲ್ಲ. ಸೋಡಿಯಂ ಕಾರ್ಬೊನೇಟ್ ಬೆರೆಸಿ, ನೀರನ್ನು ನಿತ್ಯ ಅಳೆದು, ಕಡಲಹುಲ್ಲು ಡೈಆಕ್ಸೈಡ್ ಹೀರಿದ ಮಧ್ಯಾಹ್ನದ ಹೊತ್ತಿಗೆ ಪಂಪು ಹಾಕಿ ಮರಿಗಳನ್ನು ಉಳಿಸಿದರು. ಪಡನ್ನ, ಚೆರುವತ್ತೂರಿನಲ್ಲಿ ಹಗ್ಗಕ್ಕೆ ಪಚ್ಚಿಲೆ ಎಂಬ ಚಿಪ್ಪುಜೀವಿ ಕಟ್ಟಿ ಬೆಳೆಸುವವರಿಗೆ ಇದು ದೂರದ ಸುದ್ದಿಯಲ್ಲ. ಮಳೆನೀರು ಬಿದ್ದು ಉಪ್ಪಿನಂಶ ಇಳಿದರೆ ಪಚ್ಚಿಲೆ ಸಾಯುತ್ತದೆ. ಮುಂಚೆಯೇ ತಿಳಿದರೆ ಹಗ್ಗ ಎತ್ತಬಹುದು.

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿರುವುದು ಇಲ್ಲಿ: ಫಲಿತಾಂಶ ತೀರಕ್ಕೆ ಮರಳುವುದಿಲ್ಲ. ಅಮೆರಿಕದಲ್ಲಿ 1966ರ ಸೀ ಗ್ರಾಂಟ್ ಕಾಯಿದೆಯಿಂದ ವಿಶ್ವವಿದ್ಯಾಲಯಗಳ ಜ್ಞಾನವನ್ನು ಮೀನುಗಾರರಿಗೆ ತಲುಪಿಸುವುದಕ್ಕೇ ಸಿಬ್ಬಂದಿ ನೇಮಕವಾಯಿತು. ನಮ್ಮಲ್ಲಿ ವರದಿ ಇಂಗ್ಲಿಷಿನಲ್ಲಿ, ಕಪಾಟಿನಲ್ಲಿ. ಜತೆಗೆ ಕರ್ನಾಟಕ-ಕೇರಳ ಗಡಿಯ ಅಡ್ಡಿ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು, ತಲಪಾಡಿ ದಾಟಿದರೆ ಮಂಜೇಶ್ವರ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಎರಡು ರಾಜ್ಯವಾದ ಮಾತ್ರಕ್ಕೆ ಒಂದೇ ದಂಡೆಯ ಲೆಕ್ಕವನ್ನು ಎರಡಾಗಿ ಇಡುವುದು ಯಾಕೆ? ಉಳ್ಳಾಲದಿಂದ ಕುಂಬಳೆವರೆಗೆ ಒಂದೇ ಸಾಲಿನ ಕಂಬಗಳು, ಒಂದೇ ದಿನದ ಅಳತೆ, ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಪಂಚಾಯತು ಬೋರ್ಡಿಗೆ ಅಂಟಿಸಿದ ಪಟ್ಟಿ: ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ನಿರ್ಣಯವಾಗಿ ಬರೆಯಿಸಿ.