ಗೋಲ್ಡ್ ಕಾರ್ಡ್ ಯಾವ ವಿಮಾನದ್ದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಮಾನ ಸಂಸ್ಥೆಗಳ ಮೈಲ್ ಕ್ಲಬ್ಬಿನ ಮೇಲೆ, ಅಂದರೆ ಹಾರಿದ್ದಕ್ಕೆ ಮೈಲು ಅಥವಾ ಅಂಕ ಜಮಾ ಮಾಡುವ ಸದಸ್ಯತ್ವದ ಮೇಲೆ. ಉತ್ತರ ಓದುವ ಮುಂಚೆ ಒಂದು ವ್ಯತ್ಯಾಸ ಗೊತ್ತಿರಲಿ. ಕ್ಲಬ್ಬಿನಲ್ಲಿ ಎರಡು ಖಾತೆ ನಡೆಯುತ್ತವೆ. ಒಂದರಲ್ಲಿ ಕೂಡುವ ಮೈಲನ್ನು ಟಿಕೆಟ್ಟಿಗೆ ಖರ್ಚು ಮಾಡಬಹುದು. ಇನ್ನೊಂದು ಸಿಲ್ವರ್, ಗೋಲ್ಡ್ ಎಂಬ ದರ್ಜೆ ಕೊಡಿಸುವ ಲೆಕ್ಕ. ಕ್ರೆಡಿಟ್ ಕಾರ್ಡಿನಿಂದ ವರ್ಗ ಮಾಡಿದ ಮೈಲು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಜಮಾ. ಕೆಳಗೆ ಬರೆದದ್ದೆಲ್ಲ ಎರಡನೆಯದರ ಬಗ್ಗೆ.

ಪ್ರಶ್ನೆ: ನಮ್ದು ಗೋಕುಲ ರಸ್ತೆಯಾಗ ವಾಲ್ವ್ ತಯಾರಿಸೋ ಘಟಕ. ವರ್ಷಕ್ಕ ನಾಲ್ಕೈದು ಸಲ ಜರ್ಮನಿಗೆ ಹೋಗೋದಿರ್ತದ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ, ಎಕಾನಮಿ. ಮೈಲು ಮೂರು ಕ್ಲಬ್ಬಿನಾಗ ಚೆಲ್ಲಾಪಿಲ್ಲಿ ಆಗ್ಯಾವ. ಇನ್ನ ಒಂದ ಕಡೆ ಕೂಡಿಸಿ ಗೋಲ್ಡ್ ಮಾಡ್ಕೋಬೇಕಂತೀವಿ. ಯಾವುದು ಛಲೋರಿ?
— ಉದ್ಯಮಿ, ಹುಬ್ಬಳ್ಳಿ

ಉತ್ತರ: ಕ್ಲಬ್ಬಿನ ಹೆಸರು ಹುಡುಕುವುದಕ್ಕೆ ಮುಂಚೆ ಹೋದ ವರ್ಷದ ಟಿಕೆಟ್ಟುಗಳನ್ನು ಮೇಜಿನ ಮೇಲೆ ಹರವಿಕೊಳ್ಳಿ. ಪ್ರತಿ ಇ-ಟಿಕೆಟ್ಟಿನಲ್ಲೂ ವಿಮಾನದ ಸಂಖ್ಯೆಯ ಹತ್ತಿರ ‘ಕ್ಲಾಸ್’ ಎಂದು ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ವೈ ಅಥವಾ ಬಿ ಇದ್ದರೆ ದುಬಾರಿ ಎಕಾನಮಿ. ಲುಫ್ತಾನ್ಸಾದಲ್ಲಿ ಕೆ, ಎಲ್, ಟಿ ಇದ್ದರೆ ಅಗ್ಗದ್ದು. ಕುರ್ಚಿ ಅದೇ, ಊಟ ಅದೇ. ಆದರೆ ಬೇರೆ ಸಂಸ್ಥೆಯ ಕ್ಲಬ್ಬಿಗೆ ಜಮಾ ಮಾಡುವಾಗ ದುಬಾರಿ ಅಕ್ಷರಕ್ಕೆ ಹಾರಿದ ದೂರದ ಪೂರ್ತಿ ಮೈಲು ಬಂದರೆ, ಅಗ್ಗದ್ದಕ್ಕೆ ಅರ್ಧವೋ ಕಾಲೋ ಬರಬಹುದು, ಕೆಲವು ಕಡೆ ಸೊನ್ನೆಯೂ ಉಂಟು. ಕ್ಲಬ್ಬಿನ ಜಾಲತಾಣದಲ್ಲಿ ‘ಪಾಲುದಾರ ಸಂಸ್ಥೆಗಳು’ ಎಂಬ ಪುಟ ತೆರೆದು, ಲುಫ್ತಾನ್ಸಾದ ಮುಂದೆ ನಿಮ್ಮ ಅಕ್ಷರಕ್ಕೆ ಎಷ್ಟು ಶೇಕಡಾ ಎಂದು ನೋಡಿ. ಗೋಲ್ಡ್ ಆಗುವುದೋ ಇಲ್ಲವೋ ಅಲ್ಲೇ ಗೊತ್ತಾಗಿಬಿಡುತ್ತದೆ.

ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಕ್ಲಬ್ ಇಟ್ಟುಕೊಂಡು ಲೆಕ್ಕ ಹಾಕೋಣ. ಲುಫ್ತಾನ್ಸಾ, ಸಿಂಗಪುರ ಎರಡೂ ಸ್ಟಾರ್ ಅಲೈಯನ್ಸ್ ಎಂಬ ವಿಮಾನ ಸಂಸ್ಥೆಗಳ ಒಕ್ಕೂಟದವು, ಹಾಗಾಗಿ ಒಂದರ ಹಾರಾಟವನ್ನು ಇನ್ನೊಂದರ ಕ್ಲಬ್ಬಿಗೆ ಜಮಾ ಮಾಡಿಸಬಹುದು. ಹನ್ನೆರಡು ತಿಂಗಳಲ್ಲಿ 25,000 ಎಲೈಟ್ ಮೈಲಿಗೆ (ದರ್ಜೆಯ ಲೆಕ್ಕದ ಮೈಲು) ಸಿಲ್ವರ್, 50,000ಕ್ಕೆ ಗೋಲ್ಡ್. ಬೆಂಗಳೂರು-ಫ್ರಾಂಕ್‌ಫರ್ಟ್ ಒಂದು ಕಡೆಗೆ ಸುಮಾರು 4,600 ಮೈಲು, ಹೋಗಿ ಬಂದರೆ 9,200. ಐದು ಸಲಕ್ಕೆ 46,000. ಪೂರ್ತಿ ಶೇಕಡಾ ನೂರು ಸಿಕ್ಕರೂ ಗೋಲ್ಡಿಗೆ ನಾಲ್ಕು ಸಾವಿರ ಕಡಿಮೆ. ಅರ್ಧ ಸಿಕ್ಕರೆ 23,000, ಅಂದರೆ ಸಿಲ್ವರ್ ಸಹ ಇಲ್ಲ. ಬಿಸಿನೆಸ್ ಕ್ಲಾಸಿನಲ್ಲಿ ಒಂದೂಕಾಲು ಪಟ್ಟು ಬರುವಂತಿದ್ದರೆ ಐದು ಪ್ರಯಾಣಕ್ಕೆ 57,500 ಆಗಿ ಗೋಲ್ಡ್ ಸಲೀಸಾಗಿ ದಾಟುತ್ತದೆ.

ಲುಫ್ತಾನ್ಸಾದ್ದೇ ಆದ ಮೈಲ್ಸ್ ಅಂಡ್ ಮೋರ್ 2024ರಿಂದ ದರ್ಜೆಗೆ ಮೈಲಿನ ಲೆಕ್ಕ ಬಿಟ್ಟು ಪಾಯಿಂಟ್ ಪದ್ಧತಿಗೆ ಬಂದಿದೆ. ಒಂದೊಂದು ಹಾರಾಟಕ್ಕೆ ಇಷ್ಟು ಪಾಯಿಂಟ್ ಎಂದು ಗೊತ್ತುಮಾಡಿದ್ದಾರೆ. ಖಂಡದೊಳಗಿನ ಹಾರಾಟವೋ ಖಂಡ ದಾಟುವುದೋ, ಯಾವ ಕ್ಯಾಬಿನ್, ಇಷ್ಟೇ ಮುಖ್ಯ. ಆದ್ದರಿಂದ ಅಗ್ಗದ ಅಕ್ಷರದ ಏಟು ಇಲ್ಲಿ ಬೀಳುವುದಿಲ್ಲ, ನಿಮ್ಮಂಥವರಿಗೆ ಅದೇ ಅನುಕೂಲ. ಫ್ರೀಕ್ವೆಂಟ್ ಟ್ರಾವೆಲರ್ ದರ್ಜೆಗೆ 650, ಸೆನೆಟರ್‌ಗೆ 2,000 ಪಾಯಿಂಟ್. ಎರಡರಲ್ಲೂ ಅರ್ಧದಷ್ಟು ಲುಫ್ತಾನ್ಸಾ ಬಳಗದ ವಿಮಾನಗಳಲ್ಲೇ ಗಳಿಸಿರಬೇಕು. ಸೆನೆಟರ್ ಆದರೇ ಸ್ಟಾರ್ ಅಲೈಯನ್ಸ್ ಗೋಲ್ಡ್. ಕೆಳಗಿನ ದರ್ಜೆ ಒಕ್ಕೂಟದ ಲೆಕ್ಕದಲ್ಲಿ ಸಿಲ್ವರ್ ಆದರೂ ಲುಫ್ತಾನ್ಸಾದ ಬಿಸಿನೆಸ್ ಲಾಂಜಿಗೆ ಬಿಡುತ್ತಾರೆ. ವರ್ಷಕ್ಕೆ ಐದು ಎಕಾನಮಿ ಪ್ರಯಾಣದವರು ಕಣ್ಣಿಡಬೇಕಾದದ್ದು ಈ ಕೆಳಗಿನ ದರ್ಜೆಯ ಮೇಲೆ. ಸೆನೆಟರ್ ಆಸೆ ಸದ್ಯ ಬಿಡಿ.

ಏರ್ ಇಂಡಿಯಾವೂ 2014ರ ಜುಲೈಯಿಂದ ಇದೇ ಒಕ್ಕೂಟದಲ್ಲಿದೆ, ಅದರ ಮಹಾರಾಜ ಕ್ಲಬ್ಬಿನಲ್ಲೂ ಗೋಲ್ಡ್ ಉಂಟು. ಆದರೆ ಅದರ ಸ್ವಂತ ವಿಮಾನಗಳಲ್ಲಿ ಪಾಯಿಂಟ್ ಬರುವುದು ಕೊಟ್ಟ ದುಡ್ಡಿನ ಮೇಲೆ. ಬೆಂಗಳೂರಿನಿಂದ ನೇರ ಲುಫ್ತಾನ್ಸಾ ಬಿಟ್ಟು, ಬರೀ ಪಾಯಿಂಟಿಗಾಗಿ ದಿಲ್ಲಿ ಸುತ್ತಿ ಹೋಗುವುದು ನಮಗೆ ಸರಿ ಕಾಣುವುದಿಲ್ಲ.

ಗೋಲ್ಡ್ ಸಿಕ್ಕರೆ ಏನು ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಸ್ಟಾರ್ ಗೋಲ್ಡಿಗೆ ಒಬ್ಬ ಅತಿಥಿಯೊಡನೆ ಲಾಂಜ್, ಚೆಕ್-ಇನ್ ಮತ್ತು ಬೋರ್ಡಿಂಗಿನಲ್ಲಿ ಬೇರೆ ಸಾಲು, ತೂಕದ ಲೆಕ್ಕವಿರುವ ದಾರಿಯಲ್ಲಿ 20 ಕೆಜಿ ಹೆಚ್ಚು ಸಾಮಾನು, ಪೆಟ್ಟಿಗೆಯ ಲೆಕ್ಕವಿದ್ದರೆ ಒಂದು ಪೆಟ್ಟಿಗೆ ಹೆಚ್ಚು. ಸ್ಟಾರ್ ಸಿಲ್ವರಿಗೆ ಒಕ್ಕೂಟ ಕೊಡುವುದು ವೇಟ್‌ಲಿಸ್ಟ್ ಮತ್ತು ಸ್ಟ್ಯಾಂಡ್‌ಬೈಯಲ್ಲಿ ಒಂದಿಷ್ಟು ಆದ್ಯತೆ. ಅಷ್ಟಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ.

ಪ್ರಶ್ನೆ: ಏರ್ ಫ್ರಾನ್ಸ್-ಕೆಎಲ್‌ಎಂನ ಫ್ಲೈಯಿಂಗ್ ಬ್ಲೂದಲ್ಲಿ 180ಕ್ಕೇ ಗೋಲ್ಡ್ ಸಿಗುತ್ತದೆಯಂತೆ. ಪ್ಯಾರಿಸ್ ಮೇಲಿಂದ ಹೋದರೆ ಬೇಗ ಆಗುವುದಿಲ್ಲವೇ?
— ಧಾರವಾಡ

ಉತ್ತರ: 180 ಸರಿ, ಆದರೆ ಅದು ಸಿಲ್ವರ್ ಆದ ಮೇಲಿನ ಮಾತು. ಅಲ್ಲಿ ದರ್ಜೆ ಅಳೆಯುವುದು ಎಕ್ಸ್‌ಪಿ ಎಂಬ ಅಂಕದಲ್ಲಿ. ಹೊಸ ಸದಸ್ಯರು ಮೊದಲು 100 ಮಾಡಿ ಸಿಲ್ವರ್ ಆಗಬೇಕು. ಆಗ ಆ ನೂರನ್ನು ಖಾತೆಯಿಂದ ಕಳೆದು, ಹೊಸ ಹನ್ನೆರಡು ತಿಂಗಳು ಶುರು ಮಾಡುತ್ತಾರೆ. ಉಳಿಕೆ ಮುಂದಕ್ಕೆ ಹೋಗುತ್ತದೆ. ಆ ಅವಧಿಯೊಳಗೆ 180 ಕೂಡಬೇಕು. ಒಟ್ಟು 280.

ಎಕಾನಮಿಯಲ್ಲಿ ಬೆಂಗಳೂರು-ಪ್ಯಾರಿಸ್‌ಗೆ 10, ಪ್ಯಾರಿಸ್-ಫ್ರಾಂಕ್‌ಫರ್ಟ್‌ಗೆ 5. ಹೋಗಿ ಬಂದರೆ 30. ನಾಲ್ಕನೇ ಪ್ರಯಾಣಕ್ಕೆ 120 ಆಗಿ ಸಿಲ್ವರ್, ಉಳಿಕೆ 20. ಅಲ್ಲಿಂದ ಇನ್ನೂ 160 ಬೇಕು, ಅಂದರೆ ಮತ್ತೆ ಆರು ಪ್ರಯಾಣ. ಬಿಸಿನೆಸ್ಸಿನಲ್ಲಿ ಇದೇ ದಾರಿಗೆ 30 ಮತ್ತು 15, ಹೋಗಿ ಬಂದರೆ 90. ಮೂರಕ್ಕೆ 270 ಆಗಿ ಹತ್ತೇ ಅಂಕಕ್ಕೆ ತಪ್ಪುತ್ತದೆ, ನಾಲ್ಕನೆಯದು ಬೇಕೇ ಬೇಕು. ‘ಎರಡು ಬಿಸಿನೆಸ್ ಟಿಕೆಟ್, ಗೋಲ್ಡ್ ಕೈಗೆ’ ಎಂದು ಹೇಳುವವರು ಮೊದಲಿನ ನೂರನ್ನು ಮರೆತಿರುತ್ತಾರೆ.

ಈ ಪದ್ಧತಿಯಲ್ಲಿ ಒಂದು ಗುಣ ಇದೆ. ಅಂಕ ದೂರ ಮತ್ತು ಕ್ಯಾಬಿನ್ ಮೇಲೆ ನಿಂತಿರುವುದರಿಂದ ನಡುವೆ ವಿಮಾನ ಬದಲಿಸುವವರಿಗೆ ಅಂಕ ಹೆಚ್ಚು. ಯುರೋಪಿನೊಳಗೇ ನಾಲ್ಕಾರು ಊರು ಸುತ್ತುವ ಕೆಲಸ ನಿಮ್ಮದಾದರೆ ಇದನ್ನು ಆರಿಸಬಹುದು. ಒಂದೇ ಊರಿಗೆ ಹೋಗಿ ಬರುವವರಿಗೆ ನೇರ ವಿಮಾನ ಬಿಟ್ಟು ಪ್ಯಾರಿಸ್ಸಿನಲ್ಲಿ ಕಾಯುವ ಪಡಿಪಾಟಲು ಯಾಕೆ?

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ರಫ್ತು ನಮ್ಮ ವ್ಯಾಪಾರ. ವರ್ಷಕ್ಕೆ ಆರು ಸಲ ದುಬೈ, ಎಮಿರೇಟ್ಸ್ ವಿಮಾನ. ಸ್ಯಾಂಪಲ್ ಚೀಲಗಳ ತೂಕವೇ ದೊಡ್ಡ ತಲೆನೋವು. ಸಿಲ್ವರ್ ಆದರೆ ಉಪಯೋಗವೇ?
— ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಎಮಿರೇಟ್ಸ್ ಕ್ಲಬ್ಬಿನ ಹೆಸರು ಸ್ಕೈವಾರ್ಡ್ಸ್. ಅದರ ಸಿಲ್ವರಿಗೆ 25,000 ಟೈರ್ ಮೈಲು (ದರ್ಜೆಯ ಲೆಕ್ಕದ್ದು) ಇಲ್ಲವೇ 25 ಹಾರಾಟ ಬೇಕು. ಗೋಲ್ಡಿಗೆ 50,000 ಅಥವಾ 50 ಹಾರಾಟ. ಆರು ಸಲ ಹೋಗಿ ಬಂದರೆ 12 ಹಾರಾಟ, ಅರ್ಧಕ್ಕೂ ಕಡಿಮೆ. ಬೆಂಗಳೂರು-ದುಬೈ ದೂರ 1,700 ಮೈಲಿನ ಒಳಗೇ ಇರುವುದರಿಂದ ಅಗ್ಗದ ಟಿಕೆಟ್ಟಿನಲ್ಲಿ ಮೈಲೂ ಬೇಗ ಕೂಡುವುದಿಲ್ಲ. ಎಮಿರೇಟ್ಸ್ ಟಿಕೆಟ್ ಸ್ಪೆಷಲ್, ಸೇವರ್, ಫ್ಲೆಕ್ಸ್, ಫ್ಲೆಕ್ಸ್ ಪ್ಲಸ್ ಎಂದು ನಾಲ್ಕು ಬಗೆ. ಮೇಲಕ್ಕೆ ಹೋದಷ್ಟೂ ಮೈಲು ಜಾಸ್ತಿ. ಬುಕ್ ಮಾಡುವಾಗ ಸೇವರ್‌ಗೂ ಫ್ಲೆಕ್ಸ್‌ಗೂ ದರದ ಅಂತರ ಎಷ್ಟು, ಮೈಲಿನ ಅಂತರ ಎಷ್ಟು ಎಂದು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಎಮಿರೇಟ್ಸ್ ಮೂರು ದೊಡ್ಡ ಒಕ್ಕೂಟಗಳಲ್ಲಿ ಯಾವುದಕ್ಕೂ ಸೇರಿಲ್ಲ, ಹಾಗಾಗಿ ಅಲ್ಲಿನ ದರ್ಜೆಯನ್ನು ಲುಫ್ತಾನ್ಸಾದಲ್ಲೋ ಸಿಂಗಪುರದಲ್ಲೋ ತೋರಿಸಿ ಪ್ರಯೋಜನವಿಲ್ಲ.

ತೂಕದ ಮಾತಿಗೆ ಬಂದರೆ, ಸಿಲ್ವರಿಗೆ 12 ಕೆಜಿ ಹೆಚ್ಚು ಸಿಗುತ್ತದೆ, ಗೋಲ್ಡಿಗೆ 16. ಆದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇಂಡಿಗೋದಲ್ಲಿ ಬೇರೆ ಟಿಕೆಟ್ ಮಾಡಿಸಿದ್ದರೆ ಅಲ್ಲಿ ನಿಮ್ಮ ಎಮಿರೇಟ್ಸ್ ಕಾರ್ಡ್ ನಡೆಯುವುದಿಲ್ಲ. ದೇಶದೊಳಗೆ ಇಂಡಿಗೋದ ಉಚಿತ ಮಿತಿ 15 ಕೆಜಿ, ಕೈಚೀಲ 7 ಕೆಜಿ. ದುಬೈವರೆಗೆ ಪುಕ್ಕಟೆ ಹೋಗಬೇಕಾದ ಮೆಣಸಿನಕಾಯಿಗೆ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲೇ ಹೆಚ್ಚುವರಿ ದುಡ್ಡು ಕಟ್ಟಬೇಕಾಗುತ್ತದೆ. ಸಾಮಾನು ಭಾರ ಇದ್ದಾಗ ಧಾರವಾಡ-ಬೆಂಗಳೂರು ವಂದೇ ಭಾರತ್ ಅಥವಾ ರಾತ್ರಿ ರೈಲು ಹಿಡಿಯುವುದು ಲೇಸು. ಇಂಡಿಗೋದಲ್ಲೇ ಹೋದರೆ ಇಳಿಯುವುದು ಒಂದನೇ ಟರ್ಮಿನಲ್ಲಿನಲ್ಲಿ, 2023ರ ಸೆಪ್ಟೆಂಬರಿನಿಂದ ವಿದೇಶಿ ವಿಮಾನಗಳೆಲ್ಲ ಎರಡನೆಯದರಲ್ಲಿ. ಪೆಟ್ಟಿಗೆ ಇಳಿಸಿಕೊಂಡು, ಷಟಲ್ ಬಸ್ಸು ಹತ್ತಿ, ಮತ್ತೆ ಚೆಕ್-ಇನ್ ಮಾಡಬೇಕು. ಇದಕ್ಕೆ ಮೂರು ತಾಸಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ವಿಮಾನ ತಪ್ಪಿದರೆ ಬೇರೆ ಬೇರೆ ಟಿಕೆಟ್ ಆದ್ದರಿಂದ ಎರಡು ಸಂಸ್ಥೆಯವರೂ ಹೊಣೆ ಹೊರುವುದಿಲ್ಲ.

ಪ್ರಶ್ನೆ: ಟಿಕೆಟ್ ಮಾಡಿಸುವುದು ಕಂಪನಿಯ ಟ್ರಾವೆಲ್ ಏಜೆಂಟರು. ಎರಡು ಪ್ರಯಾಣದ ಮೈಲು ಖಾತೆಗೆ ಬಂದೇ ಇಲ್ಲ. ಹೇಗೆ ಕೇಳಬೇಕು?
— ಬೇಲೂರು ಕೈಗಾರಿಕಾ ಪ್ರದೇಶ, ಧಾರವಾಡ

ಉತ್ತರ: ಹತ್ತರಲ್ಲಿ ಎಂಟು ಸಲ ತಪ್ಪು ಹೆಸರಿನದು. ಪಾಸ್‌ಪೋರ್ಟಿನಲ್ಲಿ ‘ಬಸವರಾಜ’, ಕ್ಲಬ್ಬಿನಲ್ಲಿ ಇಂಗ್ಲಿಷಿನ ಒಂದು ‘ಎ’ ಬಿಟ್ಟು ‘ಬಸವರಾಜ್’. ಅಥವಾ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಸೇರಿ ಉದ್ದ, ಕ್ಲಬ್ಬಿನಲ್ಲಿ ಬರೀ ಒಂದು ಇನಿಷಿಯಲ್. ಯಂತ್ರಕ್ಕೆ ಇವರಿಬ್ಬರೂ ಬೇರೆ ಮನುಷ್ಯರು. ಟಿಕೆಟ್ಟಿನಲ್ಲಿ ಹೆಸರಿಗೆ ‘ಎಂಆರ್’ ಅಂಟಿಕೊಂಡು ಒಂದೇ ಪದದಂತೆ ಕಂಡರೆ ಅದು ಮಿಸ್ಟರ್, ಚಿಂತೆ ಬೇಡ. ಮೊದಲು ಕ್ಲಬ್ಬಿನ ಹೆಸರನ್ನು ಪಾಸ್‌ಪೋರ್ಟಿನಂತೆ ಅಕ್ಷರಶಃ ತಿದ್ದಿಸಿ. ಆಮೇಲೆ ಜಾಲತಾಣದಲ್ಲಿ ‘ಬಾರದ ಮೈಲಿಗೆ ಅರ್ಜಿ’ ಎಂಬ ಪುಟಕ್ಕೆ ಹೋಗಿ. ಅಲ್ಲಿ ಪಿಎನ್‌ಆರ್ ಸಾಲದು, 13 ಅಂಕಿಯ ಟಿಕೆಟ್ ಸಂಖ್ಯೆ ಬೇಕು. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಸಂಸ್ಥೆಯದು: 098 ಏರ್ ಇಂಡಿಯಾ, 220 ಲುಫ್ತಾನ್ಸಾ, 618 ಸಿಂಗಪುರ, 176 ಎಮಿರೇಟ್ಸ್. ಏಜೆಂಟರು ಕಳಿಸಿದ ಹಾಳೆಯಲ್ಲಿ ಇದು ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಬೋರ್ಡಿಂಗ್ ಪಾಸನ್ನು ಮೈಲು ಜಮಾ ಆಗುವವರೆಗೆ ಎಸೆಯಬೇಡಿ, ಇಳಿದ ಕೂಡಲೇ ಫೋಟೋ ತೆಗೆದಿಡಿ. ಅರ್ಜಿಗೆ ಗಡುವು ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಒಂದು ಹಾರಾಟ ಒಂದೇ ಕ್ಲಬ್ಬಿಗೆ. ಒಮ್ಮೆ ಬೇರೆ ಕಡೆ ಜಮಾ ಆದದ್ದು ಹಿಂದಕ್ಕೆ ಬರುವುದು ಕಷ್ಟ. ಆದ್ದರಿಂದ ಚೆಕ್-ಇನ್ ಹೊತ್ತಿಗೇ ಬೋರ್ಡಿಂಗ್ ಪಾಸಿನ ಮೇಲೆ ಯಾವ ಸದಸ್ಯ ಸಂಖ್ಯೆ ಅಚ್ಚಾಗಿದೆ ಎಂದು ಓದಿ.

ಪ್ರಶ್ನೆ: ತಿಂಗಳಿಗೆ ಎರಡು ಸಲ ಹುಬ್ಬಳ್ಳಿ-ಬೆಂಗಳೂರು ಇಂಡಿಗೋ, ವಿದೇಶ ಇಲ್ಲವೇ ಇಲ್ಲ. ನಮಗೇನು?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇಂಡಿಗೋದ ಸ್ವಂತ ಕ್ಲಬ್ ಬ್ಲೂಚಿಪ್‌ಗೆ ಸೇರಿ, ಸೇರಲು ದುಡ್ಡಿಲ್ಲ. ಬ್ಲೂ 3 ಕೆಳಗಿನ ಮೆಟ್ಟಿಲು, ಬ್ಲೂ 1 ಮೇಲಿನದು. ಅಂಕಿ ಉಲ್ಟಾ ಓಡುತ್ತದೆ, ಗೊಂದಲ ಬೇಡ. ಇಂಡಿಗೋ ಒಕ್ಕೂಟದಲ್ಲಿಲ್ಲದ ಕಾರಣ ಅದರ ದರ್ಜೆಗೆ ಸ್ಟಾರ್ ಗೋಲ್ಡಿನ ಬೆಲೆ ಎಲ್ಲೂ ಇಲ್ಲ. ಇನ್ನು ಬರೀ ಲಾಂಜಿನ ಆಸೆ ಇದ್ದವರಿಗೆ ಬ್ಯಾಂಕಿನ ಕಾರ್ಡ್ ಸಾಕು. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಎಂಬ ಷರತ್ತು ಈಗ ಹಲವು ಕಾರ್ಡುಗಳಿಗಿದೆ, ಓದಿಕೊಂಡು ಹೋಗಿ.

ಪ್ರಶ್ನೆ: ಬ್ರಿಟಿಷ್ ಏರ್‌ವೇಸ್‌ನಲ್ಲಿ ಹಿಂದೆ ಸಿಲ್ವರ್ ಇದ್ದೆ. ಈಗ ಮತ್ತೆ ಲಂಡನ್ ಓಡಾಟ ಶುರು. ಮುಂದುವರಿಸಲೇ?
— ಗದಗ

ಉತ್ತರ: ಹಳೆಯ ಲೆಕ್ಕ ಮರೆತುಬಿಡಿ. 2025ರ ಏಪ್ರಿಲ್ 1ರಿಂದ ಅಲ್ಲಿ ಖರ್ಚು ಮಾಡಿದ ಒಂದು ಪೌಂಡಿಗೆ ಒಂದು ಟೈರ್ ಪಾಯಿಂಟ್. ಬ್ರಾಂಜ್ 3,500, ಸಿಲ್ವರ್ 7,500, ಗೋಲ್ಡ್ 20,000. ಸಿಲ್ವರಿಗೆ ನಮ್ಮ ರೂಪಾಯಿಯಲ್ಲಿ ಎಂಟೊಂಬತ್ತು ಲಕ್ಷದ ಟಿಕೆಟ್ ಕೊಳ್ಳಬೇಕು, ಅದರಲ್ಲೂ ಸರ್ಕಾರಿ ತೆರಿಗೆಯ ಭಾಗ ಲೆಕ್ಕಕ್ಕಿಲ್ಲ. ಸ್ವಂತ ದುಡ್ಡಿನ ಎಕಾನಮಿ ಪ್ರಯಾಣಿಕರಿಗೆ ಇದು ಆಗದ ಹೋಗದ ಮಾತು. ಬ್ರಿಟಿಷ್ ಏರ್‌ವೇಸ್ ಇರುವ ಒನ್‌ವರ್ಲ್ಡ್ ಒಕ್ಕೂಟವೇ ಬೇಕಿದ್ದರೆ ಕತಾರ್ ಏರ್‌ವೇಸ್ ನೋಡಿ: ಸಿಲ್ವರಿಗೆ 150 ಕ್ಯೂಪಾಯಿಂಟ್ (ಅಲ್ಲಿನ ದರ್ಜೆಯ ಅಂಕ), ಗೋಲ್ಡಿಗೆ 300. ಅದರ ಗೋಲ್ಡ್ ಎಂದರೆ ಒಕ್ಕೂಟದ ಲೆಕ್ಕದಲ್ಲಿ ಒನ್‌ವರ್ಲ್ಡ್ ಸಫೈರ್ ದರ್ಜೆ, ಬ್ರಿಟಿಷ್ ಏರ್‌ವೇಸ್ ಸಿಲ್ವರಿಗೆ ಸಮ. ಅಂದರೆ ಕತಾರ್ ಗೋಲ್ಡ್ ಇಟ್ಟುಕೊಂಡು ಬ್ರಿಟಿಷ್ ಏರ್‌ವೇಸ್ ವಿಮಾನ ಹತ್ತಿದರೂ ಬಿಸಿನೆಸ್ ಲಾಂಜ್ ಸಿಗುತ್ತದೆ.

ಪ್ರಶ್ನೆ: ಒಂದು ಸಂಸ್ಥೆಯ ಗೋಲ್ಡ್ ನನ್ನಲ್ಲಿದೆ. ಕೆಲಸ ಬದಲಾಗಿ ದಾರಿಯೂ ಬದಲಾಯಿತು. ಇನ್ನೊಂದು ಕಡೆ ಅದನ್ನೇ ತೋರಿಸಿ ಗೋಲ್ಡ್ ಪಡೆಯಬಹುದೇ?
— ಬೀಜ ಕಂಪನಿ ಉದ್ಯೋಗಿ, ರಾಣೆಬೆನ್ನೂರು

ಉತ್ತರ: ಬಹುದು, ಅದಕ್ಕೆ ಸ್ಟೇಟಸ್ ಮ್ಯಾಚ್ ಎನ್ನುತ್ತಾರೆ. ಹೆಸರು, ಸಂಖ್ಯೆ, ದರ್ಜೆ, ಮುಗಿಯುವ ತಾರೀಖು ನಾಲ್ಕೂ ಒಂದೇ ಪುಟದಲ್ಲಿ ಕಾಣುವಂತೆ ಸ್ಕ್ರೀನ್‌ಶಾಟ್, ಜೊತೆಗೆ ಹಿಂದಿನ ಹನ್ನೆರಡು ತಿಂಗಳ ಪ್ರಯಾಣದ ಪಟ್ಟಿ ಕೇಳುತ್ತಾರೆ. ಮ್ಯಾಚ್ ಪಡೆದದ್ದನ್ನೇ ತೋರಿಸಿ ಇನ್ನೊಂದು ಮ್ಯಾಚ್ ಕೇಳಿದರೆ ಈ ಪಟ್ಟಿಯಲ್ಲೇ ಸಿಕ್ಕಿಬೀಳುತ್ತೀರಿ. ಕೆಲವರು ಸೀದಾ ದರ್ಜೆ ಕೊಡುತ್ತಾರೆ. ಕೆಲವರು ಮೂರೋ ನಾಲ್ಕೋ ತಿಂಗಳಿಗೆ ಕೊಟ್ಟು, ಅಷ್ಟರಲ್ಲಿ ಇಂತಿಷ್ಟು ಹಾರಿದರೆ ಮುಂದುವರಿಸುತ್ತಾರೆ. ಹಲವು ಕಡೆ ಒಬ್ಬರಿಗೆ ಒಂದೇ ಅವಕಾಶ. ಹಾಗಾಗಿ ಬಿತ್ತನೆ ಹಂಗಾಮಿನಲ್ಲಿ ಊರು ಬಿಡಲಾಗದ ನಿಮ್ಮಂಥವರು ಜೂನ್‌ನಲ್ಲಿ ಅರ್ಜಿ ಹಾಕಬಾರದು. ಹಂಗಾಮು ಮುಗಿದು, ವಿದೇಶ ಪ್ರಯಾಣದ ತಾರೀಖುಗಳು ಗಟ್ಟಿಯಾದ ಮೇಲೆ, ಮೊದಲ ಹಾರಾಟಕ್ಕೆ ಎರಡು-ಮೂರು ವಾರ ಇರುವಾಗ ಹಾಕಿ. ಹಳೆಯ ಕಾರ್ಡಿನ ಅವಧಿ ಆಗಿನ್ನೂ ಮುಗಿದಿರಬಾರದು.