ಒಂದು ಹಾಡಿಗಾಗಿ ಇಡೀ ಆಲ್ಬಮ್?

ಪ್ರಶ್ನೆ: ನನಗೆ ಬೇಕಿರುವುದು ಹನ್ನೆರಡು ಹಾಡಿನ ಆಲ್ಬಮ್‌ನಲ್ಲಿ ಒಂದೇ ಹಾಡು. ಸ್ಟ್ರೀಮಿಂಗ್‌ಗೆ ತಿಂಗಳ ಚಂದಾ ಹೇಗೂ ಕಟ್ಟುತ್ತಿದ್ದೇನೆ. ಆಲ್ಬಮ್ ಕೊಳ್ಳಲೋ, ಬೇಡವೋ?

ಉತ್ತರ: ಆ ಒಂದು ಹಾಡಿಗೋಸ್ಕರವಾದರೆ ಬೇಡ. ಚಂದಾ ಮತ್ತು ಆಲ್ಬಮ್‌ಗಳ ನಡುವೆ ಮೂರನೆಯ ದಾರಿಯೊಂದಿದೆ, ಬಿಡಿ ಹಾಡು ಕೊಳ್ಳುವುದು. ಸ್ಟ್ರೀಮಿಂಗ್ ಬಂದ ಮೇಲೆ ಜನ ಅದನ್ನು ಮರೆತೇಬಿಟ್ಟಿದ್ದಾರೆ. 1990ರ ದಶಕದ ಕೊನೆಗೆ ಅಮೆರಿಕದ ರೆಕಾರ್ಡ್ ಕಂಪನಿಗಳು ರೇಡಿಯೊದಲ್ಲಿ ಗೆದ್ದ ಎಷ್ಟೋ ಹಾಡುಗಳನ್ನು ಸಿಂಗಲ್ ಆಗಿ ಮಾರುತ್ತಲೇ ಇರಲಿಲ್ಲ. ಹಾಡು ಬೇಕೆಂದವರು ಸಿಡಿಯನ್ನೇ ಕೊಳ್ಳಬೇಕಿತ್ತು. 2003ರ ಏಪ್ರಿಲ್‌ನಲ್ಲಿ ಆಪಲ್‌ನ ಐಟ್ಯೂನ್ಸ್ ಮಳಿಗೆ ಹಾಡೊಂದಕ್ಕೆ 99 ಸೆಂಟ್‌ನಂತೆ ಮಾರತೊಡಗಿದ ಮೇಲೆ ಆ ಕಟ್ಟು ಸಡಿಲವಾಯಿತು. ಇಂದಿಗೂ ಅಲ್ಲೂ, ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲೂ ಬಿಡಿ ಹಾಡು ಸಿಗುತ್ತದೆ, ಆದರೆ ಕೆಲವು ಕಲಾವಿದರು ಆಲ್ಬಮ್ ಮಾತ್ರ ಮಾರುತ್ತಾರೆ.

ಲೆಕ್ಕ ಸುಲಭ. ಆಲ್ಬಮ್‌ನ ಬೆಲೆಯನ್ನು ಬಿಡಿ ಹಾಡಿನ ಬೆಲೆಯಿಂದ ಭಾಗಿಸಿ. ಎಂಟು ಬಂದರೆ, ಎಂಟು ಹಾಡು ಇಷ್ಟವಾಗುವವರೆಗೂ ಬಿಡಿಯೇ ಅಗ್ಗ. ಇಷ್ಟವಾಗುತ್ತವೆಯೋ ಇಲ್ಲವೋ ಎಂದು ನೋಡಲು ಆ್ಯಪ್‌ನಲ್ಲೇ ಆಲ್ಬಮ್ ಪೂರ್ತಿ ಎರಡು ಸಲ ಕೇಳಿ. ಚಂದಾ ಕಟ್ಟಿರುವುದು ಇದಕ್ಕೇ ಅಲ್ಲವೇ?

ದುಡ್ಡು ಕೊಡುವ ಮುನ್ನ ಹಾಡಿನ ಅವಧಿ ನೋಡಿ. ನಿಮ್ಮ ಕಿವಿಗೆ ಒಗ್ಗಿದ್ದು 4 ನಿಮಿಷ 52 ಸೆಕೆಂಡಿನದು, ಮಳಿಗೆಯಲ್ಲಿರುವುದು 3:38 ಎಂದಿದ್ದರೆ ಅದು ರೇಡಿಯೊಗೆಂದು ಕತ್ತರಿಸಿದ ಪ್ರತಿ ಇರಬಹುದು. ಅವಧಿ ಹೆಚ್ಚುಕಡಿಮೆ ಒಂದೇ ಇದ್ದು ವರ್ಷ ತೀರಾ ಈಚಿನದಾಗಿದ್ದರೆ ಮರುಮುದ್ರಣವೋ, ಅದೇ ಗಾಯಕರು ಮತ್ತೆ ಹಾಡಿದ್ದೋ ಆಗಿರುತ್ತದೆ. ಉಚಿತ ತುಣುಕನ್ನು ಕೇಳಿಯೇ ಕೊಳ್ಳಿ.

ಪ್ರಶ್ನೆ: ಪ್ಲೇಲಿಸ್ಟ್‌ನಲ್ಲಿದ್ದ ಹಾಡೊಂದು ಬೂದು ಬಣ್ಣಕ್ಕೆ ತಿರುಗಿ ಪ್ಲೇ ಆಗುತ್ತಿಲ್ಲ. ಡೌನ್‌ಲೋಡ್ ಕೂಡ ಮಾಡಿದ್ದೆ!

ಉತ್ತರ: ಆ್ಯಪ್‌ನೊಳಗಿನ ಡೌನ್‌ಲೋಡ್ ನಿಮ್ಮ ಸ್ವತ್ತಲ್ಲ. ಅದು ಬೀಗ ಹಾಕಿದ ಪ್ರತಿ, ಕೀಲಿ ಕಂಪನಿಯ ಕೈಯಲ್ಲಿ. ಸ್ಪಾಟಿಫೈನಲ್ಲಂತೂ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಸಂಪರ್ಕಿಸದಿದ್ದರೆ ಡೌನ್‌ಲೋಡ್‌ಗಳು ಅಳಿಯುತ್ತವೆ. ಹಾಡು ಬೂದಾಗುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ಒಂದೋ ಪರವಾನಗಿ ಮುಗಿದಿದೆ, ಇಲ್ಲವೇ ಕಂಪನಿ ಹಳೆಯ ನಮೂದು ತೆಗೆದು ಅದೇ ಆಲ್ಬಮ್ಮನ್ನು ಹೊಸದಾಗಿ ಏರಿಸಿದೆ. ಎರಡನೆಯದಾದರೆ ಹಾಡಿನ ಹೆಸರಿನಿಂದಲೇ ಮತ್ತೆ ಹುಡುಕಿ, ಸಂಕಲನಗಳಲ್ಲೂ ನೋಡಿ. ಸಿಗದಿದ್ದರೆ, ಕಳೆದುಕೊಳ್ಳಲಾಗದ ಹಾಡಾದರೆ, ಫೈಲನ್ನೇ ಕೊಂಡು ಎರಡು ಕಡೆ ಉಳಿಸಿ.

ಪ್ರಶ್ನೆ: ಹಳೆಯ ಸಿಡಿಯಿಂದ ಒಂದು ಹಾಡನ್ನು ಕಂಪ್ಯೂಟರ್‌ಗೆ ತೆಗೆದೆ. ಮಧ್ಯೆ ಟಿಕ್ ಟಿಕ್ ಸದ್ದು. ಸಿಡಿ ಹಾಳಾಗಿದೆಯೇ?

ಉತ್ತರ: ಇರಲಿಕ್ಕಿಲ್ಲ. ಆಡಿಯೊ ಸಿಡಿಯಲ್ಲಿ ದೋಷ ಸರಿಪಡಿಸುವ ವ್ಯವಸ್ಥೆ ಡೇಟಾ ಸಿಡಿಯಲ್ಲಿರುವಷ್ಟು ಬಿಗಿಯಾಗಿಲ್ಲ. ಓದಲಾಗದ ಕಡೆ ಡ್ರೈವ್ ಅಂದಾಜಿನಲ್ಲಿ ತುಂಬಿ ಮುಂದಕ್ಕೆ ಹೋಗುತ್ತದೆ. ತುಂಬಲಾಗದ ಕಡೆ ಕೇಳಿಸುವುದೇ ಆ ಟಿಕ್.

ಮೊದಲು ಒರೆಸಿ. ಮೆತ್ತನೆಯ ಬಟ್ಟೆ, ನಡುವಿನ ತೂತಿನಿಂದ ಅಂಚಿಗೆ ನೇರ ಗೆರೆಯಲ್ಲಿ. ತಟ್ಟೆ ತೊಳೆದಂತೆ ಸುತ್ತ ಉಜ್ಜಬೇಡಿ: ಹಾಗೆ ಬಿದ್ದ ಗೀರು ಟ್ರ್ಯಾಕ್‌ನ ಉದ್ದಕ್ಕೇ ಸಾಗುವುದರಿಂದ ಒಟ್ಟಿಗೇ ಬಹಳಷ್ಟು ಮಾಹಿತಿ ಹೋಗುತ್ತದೆ. ಅಡ್ಡ ಗೀರನ್ನು ಡ್ರೈವ್ ಹಾರಿ ದಾಟಬಲ್ಲದು. ಆಮೇಲೆ ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶದಲ್ಲಿ ಸೆಕ್ಯೂರ್ ಮೋಡ್ ಆರಿಸಿ. ಪ್ರತಿ ಭಾಗವನ್ನೂ ಕನಿಷ್ಠ ಎರಡು ಸಲ ಓದಿ ತಾಳೆ ನೋಡುತ್ತದೆ, ಹಾಗಾಗಿ ತಡವಾಗುತ್ತದೆ. ಅಕ್ಯುರೇಟ್‌ರಿಪ್ ಆನ್ ಮಾಡಿದರೆ ಅದೇ ಸಿಡಿ ತೆಗೆದ ಬೇರೆಯವರ ಫಲಿತಾಂಶದೊಂದಿಗೂ ಹೋಲಿಸುತ್ತದೆ. ಇಷ್ಟಾಗಿಯೂ ಟಿಕ್ ಉಳಿದರೆ ಬೆಳಕಿಗೆ ಹಿಡಿದು ಲೇಬಲ್ ಇರುವ ಬದಿ ನೋಡಿ. ಹೊಳಪಿನ ಪದರ ಇರುವುದು ಅದರ ಕೆಳಗೇ. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬಂದರೆ ಆ ಜಾಗ ಹೋಯಿತೆಂದೇ ಅರ್ಥ, ಪಾಲಿಶ್ ಮಾಡಿ ಫಲವಿಲ್ಲ.

ಉಳಿಸುವಾಗ ಫ್ಲ್ಯಾಕ್ (FLAC) ಎಂಬ ಫೈಲ್ ಬಗೆ ಆರಿಸಿ. ಸಿಡಿಯಲ್ಲಿ 4 ನಿಮಿಷದ ಹಾಡು ಸುಮಾರು 42 ಎಂಬಿ. ಫ್ಲ್ಯಾಕ್‌ನಲ್ಲಿ ಬಹುತೇಕ ಅದರ ಅರ್ಧದಿಂದ ಮುಕ್ಕಾಲು, ನಷ್ಟವಿಲ್ಲದೆ. 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಎಂಪಿ3 ಹತ್ತು ಎಂಬಿಯೊಳಗೆ ಮುಗಿಯುತ್ತದೆ. ಫೋನಿಗೆ ಅದೇ ಸಾಕು, ಆದರೆ ಎಂಪಿ3ಯಿಂದ ಇನ್ನೊಂದು ಎಂಪಿ3 ಮಾಡಬೇಡಿ, ಪ್ರತಿ ಸಲವೂ ಒಂದಿಷ್ಟು ಸೋರಿಹೋಗುತ್ತದೆ.

ಪ್ರಶ್ನೆ: ಕಲಾವಿದರಿಗೆ ಯಾವುದರಿಂದ ಹೆಚ್ಚು ಹಣ?

ಉತ್ತರ: ಕೊಂಡರೆ. ದೊಡ್ಡ ಸ್ಟ್ರೀಮಿಂಗ್ ಸೇವೆಗಳಲ್ಲಿ ನಿಮ್ಮ ಚಂದಾ ನೇರವಾಗಿ ನಿಮ್ಮ ಗಾಯಕರಿಗೆ ಹೋಗುವುದಿಲ್ಲ, ಎಲ್ಲರ ಹಣವೂ ಒಂದೇ ಹುಂಡಿಗೆ ಬಿದ್ದು ಒಟ್ಟು ಕೇಳಿಕೆಯ ಪಾಲಿನಂತೆ ಹಂಚಿಕೆಯಾಗುತ್ತದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಎಣಿಕೆ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಎಣಿಕೆ ಮುಟ್ಟದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ. ಅಷ್ಟೇನೂ ಹೆಸರಾಗದವರ ಒಂದು ಹಾಡು ನಿಮಗೆ ಹಿಡಿಸಿದ್ದರೆ, ಅದನ್ನು ಕೊಳ್ಳಿ.